ಅಪ್ಪಗ ಓದಿ ಹೇಳು

ಅಕ್ಕಗ ನಮಸ್ಕಾರ.

ನಾವು ಇಲ್ಲೆ ಆರಾಮ ಇದೀವಿ, ನೀವೂ ಆರಾಮ ಅಂತ ತಿಳಕೊಂಡೀನಿ. ಮೊನ್ನೆ ಫೋನಿನ್ಯಾಗ ಅಪ್ಪ "ಸರಕಾರದವರು ಹುಡುಗನ್ನ ಒಯ್ಯೂದರೊಳಗ ಬಾಗಲಕೋಟಿಗೆ ಕಳಸಿಬಿಡು" ಅಂದ. ಮಗ ಸಮರ್ಥ ಹಿಂದ ನಿಂತು ಒದರಾಕತ್ತಿದ್ದ, ನನಗ ನೆಟ್ಟಗ ಹೇಳಾಕ ಆಗಲಿಲ್ಲ. ನೀ ಸಾಲಿ ಕಲಿಸಾಕಿ, ಲಗೂ ತಿಳಕೊಂತಿ. ಅಪ್ಪಗ, ಅವ್ವಗ ಸಾವಕಾಶ ಓದಿ ಹೇಳು.

ಸೋಷಿಯಲ್ ವರ್ಕರ್, ಅಂದ್ರ ಮಕ್ಕಳ ಕಾಳಜಿ ನೋಡೂ ಸರಕಾರಿ ಕೆಲಸದಾಕಿ, ಅಂದಕೂಡ್ಲೇ ಅಪ್ಪನ ತಲ್ಯಾಗ ಬರೂದು ಆ ನಾರ್ವೆ ಸುದ್ದಿ. 2011ರಾಗ ನಮ್ಮ ದೇಶದ ಗಂಡ-ಹೆಂಡ್ತಿ ಕಡೆಯಿಂದ ಎರಡು ಕೂಸು ತಗೊಂಡಿದ್ರಲ್ಲ, ಕೈಲೆ ಉಣಿಸಿದ್ದಕ್ಕ ಅಂತ ಟಿವ್ಯಾಗ ತೋರಿಸಿದ್ದೇ ತೋರಿಸಿದ್ದು. ಇದು ಇಂಗ್ಲೆಂಡ್, ಇಲ್ಲಿ ಕಾನೂನು ಬ್ಯಾರೆ. ನಾವು ಒಪ್ಪಬೇಕು, ಇಲ್ಲಾ ಕೋರ್ಟಿನ ಹುಕುಂ ಆಗಬೇಕು. ಬಂದಾಕಿ ಹಂಗ ಕೂಸಿನ ಕೈ ಹಿಡಕೊಂಡು ನಡಿಯಾಕ ಬರೂದಿಲ್ಲ. ಭಾಳ ಅಪಾಯ ಇದ್ದಾಗ ಪೊಲೀಸರು 72 ತಾಸಿನ ತನಕ ಇಟಗೋಬಹುದು, ಅಷ್ಟ.

ಶುರುವಾಗಿದ್ದು ಸಾಲಿಯಿಂದ. ಇಂವ ರಸ್ತೆಕ್ಕ ಓಡಿದಾಗ ರಟ್ಟಿ ಹಿಡದು ಜಗ್ಗಿದೆ, ಕೆಂಪಗ ಬರಿ ಎದ್ದಿತ್ತು. ಮರುದಿನ ಅಕ್ಕೋರು ಕೇಳಿದ್ದಕ್ಕ "ಮಮ್ಮಿ" ಅಂದಾನ. ಅಂಥಾದ್ದು ಕಿವಿಗೆ ಬಿದ್ರ ಅವರು ಮ್ಯಾಲ ತಿಳಸಾಕಬೇಕು, ಅವರ ಮ್ಯಾಲ ನನಗ ಸಿಟ್ಟಿಲ್ಲ. ಮುಂದ ಸೋಷಿಯಲ್ ವರ್ಕರ್ ಒಬ್ಬಾಕಿ ಮನಿಗೆ ಬಂದ್ಲು. ಫ್ರಿಜ್ ತಗದು ನೋಡಿದ್ಲು, ಅವ ಮಲಗೂ ಖೋಲಿ ನೋಡಿದ್ಲು, ಶೇಂಗಾ ಹಿಂಡಿ ಡಬ್ಬಿ ಮೂಸಿ ಇದೇನು ಅಂದ್ಲು. ಅವನ್ನ ಒಬ್ಬವನ್ನೇ ಕುಂದರಿಸಿಕೊಂಡು ಮಾತಾಡಿದ್ಲು. ಆ ಹೊತ್ತಿನ್ಯಾಗ ನನ್ನ ಹೊಟ್ಯಾಗ ಬೆಂಕಿ ಬಿದ್ದಂಗಾಗಿತ್ತು.

ಇದನ್ನೆಲ್ಲಾ ಅನುಭವಿಸಿದ ಮರಾಠಿ ಗೆಳತಿ ಒಂದು ಮಾತು ಹೇಳಿಕೊಟ್ಟಿದ್ಲು: ಯಾವ ಕಲಮಿನ ಕೆಳಗ ಬಂದೀರಿ ಅಂತ ಮದಲ ಕೇಳು. ಇಲ್ಲಿಯ 1989ರ ಮಕ್ಕಳ ಕಾಯ್ದೆದಾಗ 17ನೇ ಕಲಮು ಅಂದ್ರ ಹುಡುಗಗ ಸಹಾಯ ಬೇಕೈತಿ ಅಂತ, ಅದು ನಮ್ಮ ಒಪ್ಪಿಗಿ ಮ್ಯಾಲ ನಡಿಯೂದು. 47 ಅಂದ್ರ ಹುಡುಗಗ ಮನ್ಯಾಗ ಅಪಾಯ ಐತೇನು ಅನ್ನೂ ವಿಚಾರಣಿ, ಅದಕ್ಕ ಒಪ್ಪಿಗಿ ಕಾಯೂದಿಲ್ಲ. ನಮ್ಮದು 17. 45 ಕೆಲಸದ ದಿನದೊಳಗ ವರದಿ ಮುಗಸಬೇಕು.

ವರದಿ ಓದಿ ಸಿಟ್ಟು ಬಂತು, ಖರೇನ ಹೇಳತೀನಿ. "ತಾಯಿ ಭಾವನೆ ತೋರಸಂಗಿಲ್ಲ" ಅಂತ ಬರದಿದ್ಲು. ಅಕಿ ಮುಂದ ಅತ್ತಿದ್ರ "ತಾಯಿಗೆ ನಿಭಾಯಿಸಾಕ ಆಗವಲ್ಲದು" ಅಂತ ಬರೀತಿದ್ಲು. ತಪ್ಪಿದ್ದದ್ದನ್ನೆಲ್ಲಾ ನಾ ಬರದು ಕಳಸಿದೆ. ತಿದ್ದಲಿಲ್ಲ, ಆದ್ರ ನನ್ನ ಕಾಗದ ಫೈಲಿಗೆ ಹಚ್ಯಾರ. ಈಗ ಫೋನಿನ್ಯಾಗ ಆಡಿದ ಮಾತಿಗೂ ಅವತ್ತೇ ಇಮೇಲ್ ಹಾಕತೀನಿ: "ನೀವು ಹಿಂಗಂದ್ರಿ, ಹೌದಲ್ಲ?" ಆಮ್ಯಾಲ ಆಕಿ ಕೆಲಸಾನೇ ಬಿಟ್ಟು ಹ್ವಾದ್ಲು, ಹೊಸಾಕಿ ಬಂದ್ಲು, ಕತಿ ಮತ್ತ ಮದಲಿಂದ. ಹೊಸಾಕಿ ಅಡ್ಡಿಯಿಲ್ಲ. ಸಾಲ್ಯಾಗ ಇವಗ ಬ್ಯಾರೆ ನೆರವು ಸಿಗೂಹಂಗ ಇಎಚ್‌ಸಿ ಪ್ಲ್ಯಾನಿನ ಅರ್ಜಿಗೆ ಅಕೀನೇ ಬೆನ್ನು ಹತ್ಯಾಳ. ಕಾನೂನಿನ್ಯಾಗ ಅದಕ್ಕ 20 ವಾರ ಗಡುವು ಐತಿ. ಶನಿವಾರ ಒಂದಿಷ್ಟು ತಾಸು ಇಂವನ್ನ ನೋಡಿಕೊಳ್ಳೂ ಜಾಗಾನೂ ಹುಡುಕಿ ಕೊಟ್ಟಾಳ. ಆ ಹೊತ್ತಿನ್ಯಾಗ ನಾ ಮಲಗತೀನಿ, ಮತ್ತೇನೂ ಮಾಡಂಗಿಲ್ಲ.

ಡಾಕ್ಟರ್ ಎಡಿಎಚ್‌ಡಿ ಅಂದಾರ, ಅಂದ್ರ ಒಂದ ಕಡೆ ಲಕ್ಷ್ಯ ನಿಲ್ಲಂಗಿಲ್ಲ, ಸುಮ್ಮನ ಕುಂದ್ರಾಕ ಆಗಂಗಿಲ್ಲ; ಜೋಡಿಗೆ ಒಡಿಡಿ, ಅಂದ್ರ ಹೇಳಿದ್ದಕ್ಕೆಲ್ಲಾ ಎದುರು ನಿಲ್ಲೂದು. ಇದು ಮುದ್ದು ಮಾಡಿದ್ದಕ್ಕ ಬಂದಿದ್ದಲ್ಲ. ಎಡಿಎಚ್‌ಡಿ ಭಾಳಷ್ಟು ಮನೆತನದಾಗ ಹರದು ಬರೂದು. ಸಣ್ಣ ಕಾಕಾ ಘಟಪ್ರಭಾ ಹೊಳಿಗೆ ಹಾರತಿದ್ದ ಕತಿ ಅಪ್ಪಗೇ ಕೇಳು. ಅವ್ವ "ಸೊರಗ್ಯಾನ" ಅಂದ್ಲಲ್ಲ, ಅದು ಎಡಿಎಚ್‌ಡಿಗೆ ಕೊಡೂ ಮಿಥೈಲ್‌ಫೆನಿಡೇಟ್ ಮಾತ್ರಿದು, ಹಸಿವಿ ಕಡಿಮಿ ಮಾಡತೈತಿ. ಎತ್ತರ, ತೂಕ ಅಳೀತಿರತಾರ. ರಾತ್ರಿ ರೊಟ್ಟಿ ತಿಂತಾನ.

"ಎರಡು ಬಿಗಿ, ಸರಿ ಹೋಗತಾನ" ಅನ್ನೂ ಮಾತು ಬ್ಯಾಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮ್ಯಾಲ ನೀವೂ ಸಾಲ್ಯಾಗ ಬಡಿಯೂಹಂಗಿಲ್ಲ. ಈ ಕಡೆ ಸ್ಕಾಟ್ಲೆಂಡಿನ್ಯಾಗ 2020ರಿಂದ, ವೇಲ್ಸಿನ್ಯಾಗ 2022ರಿಂದ ತಾಯಿ-ತಂದೀನೂ ಮನ್ಯಾಗ ಬಡಿಯೂಹಂಗಿಲ್ಲ. ಇಂಗ್ಲೆಂಡ್ ಇನ್ನೂ ಅಷ್ಟು ಬಿಗಿ ಮಾಡಿಲ್ಲ. ಬಡದ್ರ ಇಂವ ಬಡಿಯೂದನ್ನೇ ಕಲೀತಾನ, ಅದು ಸಾಕು ನನಗ. ಊರಿಗೆ ಕಳಸಿದ್ರೂ ಧಾರವಾಡದ ಡಿಮ್ಹಾನ್ಸ್ ಮಾನಸಿಕ ದವಾಖಾನಿಗೆ ಎಡತಾಕೂದು ತಪ್ಪೂದಿಲ್ಲ. ಈ ನಡುವ ಕಳಸಿದ್ರಂತೂ ಮುಚ್ಚಿಟ್ರು ಅಂತಾರ.

ಈಗ ಮುಖ್ಯ ಮಾತು. ಹೊಸಾಕಿಗೆ ನಿಮ್ಮ ಜೋಡಿ ಮಾತಾಡಬೇಕಂತ, ಈ ತಾಯಿಗೆ ಮನೆತನದವರ ಆಸರ ಹೆಂಗೈತಿ ಅಂತ ಕೇಳಾಕ. ನನ್ನ ಚಿಂತಿ ಇಲ್ಲೇ ಐತಿ. ಅಪ್ಪ ಅಂತಃಕರಣಕ್ಕ "ನಮ್ಮ ಹುಡುಗಗ ಏನೂ ಆಗಿಲ್ಲ" ಅಂದುಬಿಡತಾನ. ಅಕಿ ಅದನ್ನೇ ಬರಕೊಂತಾಳ: ಮನಿಯವರು ಒಪ್ಪಂಗಿಲ್ಲ. ಇಷ್ಟು ಒದ್ದಾಡಿ ಪಡದ ನೆರವಿಗೆ ಕುತ್ತು. ಬಂಗಾರದಂಥಾ ಹುಡುಗ ಅನ್ನಲಿ, ಬ್ಯಾಡ ಅನ್ನಂಗಿಲ್ಲ. ಅದರ ಜೋಡಿ ಬಾದಾಮಿ ಬನಶಂಕರಿ ಜಾತ್ರ್ಯಾಗ ಕೈ ತಪ್ಪಿಸಿ ಓಡಿದ್ದು, ಮುತ್ಯಾನ ಚಾಳೀಸು ಕಿತ್ತು ಒಗದಿದ್ದು, ಅವತ್ತೇ ರಾತ್ರಿ ತಾನೇ ಬಂದು ಮುತ್ಯಾನ ಕಾಲು ಒತ್ತಿದ್ದು, ಎಲ್ಲಾ ಹೇಳಲಿ.

ಬುಧವಾರ ನಿಮ್ಮ ಮಧ್ಯಾಹ್ನ ಮೂರೂವರಿಗೆ ಫೋನ್ ಬರತೈತಿ. ನಡುವ ದುಭಾಷಿ ಒಬ್ಬರು ಇರತಾರ, ಬೆಂಗಳೂರ ಕಡೆಯವರಂತ, ಅದಕ್ಕ ಅಪ್ಪ ಬಿರುಸು ಮಾತಾಡೂದು ಬ್ಯಾಡ, ಒಂದೊಂದು ಮಾತಿಗೆ ನಿಂತು ಹೇಳಲಿ. ಕರೆಂಟ್ ಹೋಗೂ ಹೊತ್ತು ಅದು. ನಿನ್ನ ಮೊಬೈಲ್ ಚಾರ್ಜ್ ಮಾಡಿ ಇಟ್ಟಿರು.

ನಿನ್ನ ತಂಗಿ,
ಸುಜಾತಾ