ದೊಡ್ಡಪ್ಪನ ಬಗ್ಗೆ ಬರೆಯುವ ಮುನ್ನ

ಕುಮಟಾ

ಚಿರಂಜೀವಿ ಮಾಣಿಗೆ ಅತ್ತೆಯ ಆಶೀರ್ವಾದಗಳು.

ದೊಡ್ಡಪ್ಪನ ವರ್ಷಾಂತಿಕದ ದಿನ ಹಂಚಬೇಕೆಂದು ನೀನು ಬರೆದ ಲೇಖನ ತಲುಪಿತು. ನಿನ್ನ ದುಃಖ ಅದರಲ್ಲಿ ಕಾಣುತ್ತದೆ, ಅಣ್ಣ ಮಾತ್ರ ಕಾಣುವುದಿಲ್ಲ. ಆದರ್ಶ ಕೃಷಿಕ, ಪರಿಸರಪ್ರೇಮಿ, ಯಾರೊಂದಿಗೂ ಮನಸ್ತಾಪ ಕಟ್ಟಿಕೊಳ್ಳದವರು ಎಂದಿದ್ದೀಯ. ಶಿರಸಿ ಸೀಮೆಯಲ್ಲಿ ಯಾವ ಹಿರಿಯರು ತೀರಿಕೊಂಡರೂ ಇಷ್ಟನ್ನು ಬರೆಯುತ್ತಾರೆ. ಅಣ್ಣನ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದೇನೆ, ಬೇಸರಿಸಬೇಡ.

ಮನಸ್ತಾಪ ಇತ್ತು. ಹಿಸ್ಸೆಯಾದ ಮೇಲೆ ಕಾಲುವೆಯ ನೀರಿನ ವಿಷಯಕ್ಕೆ ನಿನ್ನ ಅಪ್ಪನೂ ಅವನೂ ಬಹುಕಾಲ ಮಾತು ಬಿಟ್ಟಿದ್ದರು. ಹಬ್ಬದ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತರೂ ಮುಖ ನೋಡುತ್ತಿರಲಿಲ್ಲ. ನೀನಾಗ ತೀರಾ ಚಿಕ್ಕವನು. ಒಂದು ಮಳೆಗಾಲ ನಿನ್ನ ಅಪ್ಪ ಜ್ವರದಿಂದ ಹಾಸಿಗೆ ಹಿಡಿದ. ಮಳೆ ಬಿಡುವು ಕೊಟ್ಟಾಗ ಎರಡನೇ ಸಲ ಮದ್ದು ಹೊಡೆಯದಿದ್ದರೆ ಕೊಳೆರೋಗ ಬಂದು ಅಡಿಕೆಯೆಲ್ಲ ಉದುರುತ್ತಿತ್ತು. ಯಾರೂ ಕರೆಯದೆ ಅಣ್ಣ, ಅಡಿಕೆ ಮರ ಹತ್ತುವ ಕೊನೆಗೌಡನನ್ನು ಕರೆದುಕೊಂಡು ನಿಮ್ಮ ತೋಟಕ್ಕಿಳಿದ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ದು, ಕತ್ತಿಯ ಅಲಗು ಅದ್ದಿ ನೋಡುತ್ತಿದ್ದ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ತನ್ನ ತೋಟಕ್ಕೆ ಹೇಗೋ ತಮ್ಮನ ತೋಟಕ್ಕೂ ಹಾಗೆಯೇ ಪ್ರತಿ ಬ್ಯಾರಲ್ಲಿಗೂ ಅಲಗು ಅದ್ದಿದ. ಕೆಲಸ ಮುಗಿದ ಮೇಲೆ ಮನೆಯೊಳಗೆ ಬಾರದೆ ಅಂಗಳದಿಂದಲೇ ಹೊರಟುಹೋದ. ಮಾತು ಶುರುವಾದದ್ದು ಎಷ್ಟೋ ದಿನಗಳ ನಂತರ, ನಿನ್ನ ಅಪ್ಪನ ಕಡೆಯಿಂದ. ಇದನ್ನು ಬರೆ. ಜಗಳವನ್ನು ಮುಚ್ಚಿಟ್ಟರೆ ಆ ದಿನದ ಬೆಲೆ ಓದಿದವರಿಗೆ ತಿಳಿಯುವುದಾದರೂ ಹೇಗೆ? ಅಪ್ಪನನ್ನು ಕೇಳಿಯೇ ಬರೆ. ಅವನು ಬೇಡವೆನ್ನಲಾರ.

1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿ ಕಡೆಯ ಜನ ಕಳಸೆ ಕಾಡಿಗೆ ನಡೆದು, ಮರಗಳನ್ನು ತಬ್ಬಿ ನಿಂತು ಕಡಿತ ತಡೆದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಅಲ್ಲಿ. ಅಣ್ಣನೂ ಹೋಗಿದ್ದ. ಅವನೇ ಮುಂದಾಳು ಎಂಬಂತೆ ನೀನು ಬರೆದಿದ್ದೀಯ, ಅದನ್ನು ತೆಗೆದುಬಿಡು. ಅವನು ಗುಂಪಿನಲ್ಲಿ ಒಬ್ಬ. ಯಾರಾದರೂ ಕೇಳಿದರೆ, ಬುತ್ತಿ ಕಟ್ಟಿಕೊಂಡು ನಡೆದುಬಂದ ಹೆಂಗಸರ ಮಾತನ್ನೇ ಮೊದಲು ಎತ್ತುತ್ತಿದ್ದ. ನನಗೆ ದೊಡ್ಡದೆನಿಸುವುದು ಮನೆಗೆ ಮರಳಿದ ಮೇಲೆ ಅವನು ಮಾಡಿದ ಕೆಲಸ. ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನಬೆಟ್ಟದ ನೆಲ ಸರ್ಕಾರದ್ದು, ನಮಗಿರುವುದು ಹಸಿ ಸೊಪ್ಪು, ಉದುರಿದ ಒಣ ಎಲೆಯ ದರಕು ಒಯ್ಯುವ ಹಕ್ಕು. ಹೇಗೂ ನಮ್ಮದಲ್ಲವೆಂದು ಬೆಟ್ಟವನ್ನು ಬೋಳು ಮಾಡಿದವರಿದ್ದಾರೆ. ಅಣ್ಣ ಒಂದು ವರ್ಷ ಸೊಪ್ಪು ಕಡಿದ ಕಡೆ ಮರುವರ್ಷ ಕತ್ತಿ ತಾಗಿಸಲಿಲ್ಲ, ಮರದ ಕುಡಿ ಮುಟ್ಟಲು ಯಾರಿಗೂ ಬಿಡಲಿಲ್ಲ. ಕೊಟ್ಟಿಗೆಗೆ ಸೊಪ್ಪು ಸಾಲದು, ತೋಟಕ್ಕೆ ಗೊಬ್ಬರ ಸಾಲದು ಎಂದು ಮನೆಯಲ್ಲಿ ಎಲ್ಲರೂ ಗೊಣಗಿದೆವು. ಅವನು ಜಗ್ಗಲಿಲ್ಲ. ಆ ಹಟವೇ ಅವನ ಗುಣ. ನಿನ್ನ ಅಪ್ಪನ ಮುಂದೆ ತೋರಿದ್ದೂ ಅದೇ ಹಟ. ಒಂದನ್ನು ಮೆಚ್ಚಿ ಇನ್ನೊಂದನ್ನು ಅಳಿಸಿದರೆ ಉಳಿಯುವ ಮನುಷ್ಯ ನಮ್ಮ ಅಣ್ಣನಲ್ಲ. ಈಗ ಆ ಬೆಟ್ಟದಲ್ಲಿ ಮತ್ತಿ, ಹೊನ್ನೆ ಹೇಗೆ ಎದ್ದಿವೆ ಎಂದು ಹತ್ತಿ ನೋಡು. ಬೆಂಗಳೂರಿನಲ್ಲಿ ಕೂತು ಬರೆಯಬೇಡ.

ಬೆಟ್ಟಕ್ಕಿಂತ ಮೊದಲು ಕೊನೆಗೌಡನ ಮನೆಗೆ ಹೋಗು. ಮರ ಹತ್ತುವುದನ್ನು ಬಿಟ್ಟು ವರ್ಷಗಳಾದವು, ನೆನಪು ಮಾತ್ರ ಗಟ್ಟಿಯಾಗಿದೆ. ಅಣ್ಣನ ಸಿಟ್ಟನ್ನೂ ಕೈಯನ್ನೂ ನಮಗಿಂತ ಹತ್ತಿರದಿಂದ ಕಂಡವನು. ಅಣ್ಣನ ತಾಳಮದ್ದಲೆಯ ವಿಷಯ ಎರಡು ಸಾಲಿದ್ದರೆ ಸಾಕು, ಊರಿಗೆಲ್ಲ ಗೊತ್ತಿರುವುದೇ.

ಇನ್ನು ನಿನ್ನ ದೊಡ್ಡಮ್ಮ. ಅತ್ತಿಗೆ ಅಣ್ಣನ ಹೆಸರೆತ್ತಿದ ಕೂಡಲೇ ನೀವೆಲ್ಲ ಊಟ, ಔಷಧಿ ಎಂದು ಮಾತು ತಿರುಗಿಸುತ್ತೀರಿ. ಅಳುತ್ತಾಳೆಂಬ ಭಯ ನಿಮಗೆ. ಅಳಲಿ. ಅವನ ಬಗ್ಗೆ ಮಾತಾಡಲು ಆಕೆಗೆ ಜನ ಬೇಕು, ಆ ಮನೆಯಲ್ಲಿ ಈಗ ಯಾರೂ ಇಲ್ಲ. ಫೋನ್ ಮಾಡಿದಾಗ ನೀನೇ ಕೇಳು: ದೊಡ್ಡಪ್ಪ ಮದುವೆಯ ಹೊಸದರಲ್ಲಿ ಹೇಗಿದ್ದರು, ಯಾವುದಕ್ಕೆ ನಗುತ್ತಿದ್ದರು ಎಂದು. ತೋಟವನ್ನು ಗೇಣಿಗೆ ಕೊಡುವ ಮಾತು ವರ್ಷಾಂತಿಕ ಮುಗಿಯುವವರೆಗೆ ಆಕೆಯ ಎದುರು ಬೇಡ.

ತಿದ್ದಿ ಬರೆದದ್ದನ್ನು ಮುದ್ರಣಕ್ಕೆ ಕೊಡುವ ಮೊದಲು ಆಕೆಗೆ ಓದಲು ಕೊಡು. ಕಣ್ಣು ಮಂಜಾಗಿದೆ, ಅಕ್ಷರ ದೊಡ್ಡದಿರಲಿ. ಆಕೆ ಹೊಡೆದುಹಾಕು ಎಂದದ್ದನ್ನು ವಾದ ಮಾಡದೆ ಹೊಡೆದುಹಾಕು.

ಇಂತಿ,
ನಿನ್ನ ಅತ್ತೆ