ಪರೀಕ್ಷೆಗೆ ಮುನ್ನ: ದೀರ್ಘಕಾಲದ ನೋವು, ಆಯಾಸ ಇರುವ ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಸೆಮಿಸ್ಟರ್ ಪರೀಕ್ಷೆಗಳು ಹತ್ತಿರವಾಗುತ್ತಿರುವುದರಿಂದ, ದೀರ್ಘಕಾಲದ ನೋವು ಅಥವಾ ತೀವ್ರ ಆಯಾಸವಿದ್ದೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನಮ್ಮ ಗುಂಪಿನವರು ಪರೀಕ್ಷೆಯಲ್ಲಿ ಬೇಕಾದ ಅನುಕೂಲಗಳನ್ನು ಕೋರುವ ಮನವಿ ಪತ್ರವನ್ನು ಬರುವ ಶುಕ್ರವಾರದೊಳಗೆ ವಿಭಾಗದ ಮುಖ್ಯಸ್ಥರಿಗೆ ಸಲ್ಲಿಸಬೇಕೆಂದು ಕೋರುತ್ತೇನೆ. ಪತ್ರದಲ್ಲಿ ಕಾಯಿಲೆಯ ಹೆಸರಷ್ಟೇ ಇದ್ದರೆ ಸಾಲದು. ಅರ್ಧ ಗಂಟೆ ಬರೆಯುವಷ್ಟರಲ್ಲಿ ಬೆರಳು ಬಿಗಿದು ಪೆನ್ನು ಜಾರುತ್ತದೆ ಎಂಬಂತಹ ಅಡಚಣೆಯನ್ನು ಇದ್ದಂತೆಯೇ ತಿಳಿಸಿ, ನೆಲಮಹಡಿಯ ಕೊಠಡಿ, ಬೆನ್ನಿಗೆ ಆಸರೆಯಿರುವ ಕುರ್ಚಿ, ನಡುವೆ ಎದ್ದು ನಿಲ್ಲಲು ಅನುಮತಿ ಇತ್ಯಾದಿಗಳಲ್ಲಿ ನಿಮಗೆ ಬೇಕಾದುದನ್ನು ಸ್ಪಷ್ಟವಾಗಿ ಕೇಳಿ, ವೈದ್ಯರ ಪತ್ರವನ್ನು ಲಗತ್ತಿಸಿರಿ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರಲ್ಲಿ ಹೆಸರಿಸಿರುವ 21 ಬಗೆಗಳಲ್ಲಿ ಒಂದರಡಿ ಶೇ. 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿದ್ದು, ಬರೆಯಲು ತೊಂದರೆಯಿರುವವರು ಲಿಪಿಕಾರರನ್ನೂ (ನಾವು ಹೇಳಿದ ಉತ್ತರವನ್ನು ಬರೆದುಕೊಡುವವರು) ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯವನ್ನೂ ಕೇಳಬಹುದು. ನೋವು, ಆಯಾಸ ಎಂಬುದು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲದಿರುವುದರಿಂದಲೇ ಉಳಿದವರಿಗೆ ವೈದ್ಯರ ಪತ್ರ ಬಹಳ ಮುಖ್ಯ.

ಓದಿನ ವಿಷಯದಲ್ಲಿ ನನ್ನ ಕಳಕಳಿಯ ವಿನಂತಿ ಒಂದೇ: ಮೈ ಹಗುರವೆನಿಸಿದ ದಿನ ಬಾಕಿಯೆಲ್ಲವನ್ನೂ ಒಮ್ಮೆಲೇ ಮುಗಿಸಲು ಹೋಗಬೇಡಿ, ಮರುದಿನ ಹಾಸಿಗೆಯಿಂದ ಏಳಲೂ ಆಗದ ಸ್ಥಿತಿ ಬರುವುದು ಹೆಚ್ಚಾಗಿ ಹಾಗೆಯೇ. ದಣಿವಾಗುವ ಮೊದಲೇ ವಿರಮಿಸಿರಿ. ಮಳೆಯಲ್ಲಿ ಶಿವಮೊಗ್ಗದಿಂದ ಬಸ್ಸಿನಲ್ಲಿ ನಿಂತು ಬರುವುದೂ ಶ್ರಮವೇ ಆದ್ದರಿಂದ, ಅದನ್ನೂ ಆ ದಿನದ ಕೆಲಸದ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ತರಗತಿಗೆ ಬರಲಾಗದವರಿಗೆ ಟಿಪ್ಪಣಿ ಕಳುಹಿಸಬಲ್ಲ ಸದಸ್ಯರು ತಮ್ಮ ವಿಭಾಗದ ಹೆಸರನ್ನು ಇಲ್ಲಿ ತಿಳಿಸಿರಿ. ಪತ್ರ ಬರೆಯಲು ನೆರವು ಬೇಕಾದವರು ಬುಧವಾರದೊಳಗೆ ನನಗೆ ಖಾಸಗಿಯಾಗಿ ಸಂದೇಶ ಕಳುಹಿಸಿರಿ. ವೈದ್ಯಕೀಯ ದಾಖಲೆಗಳನ್ನು ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.