ಅಲಗು ತೊಟ್ಟ ಬಾಣ: ಅಳಿಯನಿಗೆ ಪತ್ರ

ಮಂಜಗುಣಿ, ಅಂಕೋಲಾ

ಚಿರಂಜೀವಿ ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ, ಗಂಗಾವಳಿ ಕೆಂಪಾಗಿ ಹರಿಯುತ್ತಿದೆ. ಟ್ರಾಲರ್‌ಗಳು ಈಗಷ್ಟೇ ಕಡಲಿಗಿಳಿದಿವೆ. ನಿನ್ನೆ ನಿನ್ನ ಆಯಿ ಬಂದಿದ್ದಳು. ನೀನು ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಶಿಕಾರಿಗೆ ಲೈಸೆನ್ಸ್ ತೆಗೆದುಕೊಂಡ ಸುದ್ದಿ ಹೇಳಿ, ‘ನಿನ್ನ ಹುಚ್ಚು ಅವನಿಗೂ ಹತ್ತಿತು’ ಎಂದು ನನ್ನ ಮೇಲೇ ಸಿಟ್ಟು ಮಾಡಿದಳು. ಹತ್ತೊಂಬತ್ತು ವರ್ಷ ಅಲ್ಲಿ ಲೇತ್ ಮೆಷಿನ್ ಮುಂದೆ ನಿಂತವನು ನಾನು, ಅಲ್ಲಿಯ ಕಾಡಿನಲ್ಲಿ ಬಿಲ್ಲು ಹಿಡಿದು ತಿರುಗಿದವನೂ ನಾನೇ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ.

ನೀನು ಕಳಿಸಿದ ಎರಡು ಫೋಟೊ ನೋಡಿದೆ. ಒಂದರಲ್ಲಿ 40 ಗಜ ದೂರದಿಂದ ಬಿಟ್ಟ ಆರು ಬಾಣಗಳು ಮುಷ್ಟಿಯಷ್ಟು ಜಾಗದಲ್ಲಿ ಕೂತಿವೆ. ನನಗೆ ಬಹಳ ಸಂತೋಷವಾಯಿತು, ಕೈ ಪಳಗಿದೆ. ಇನ್ನೊಂದರಲ್ಲಿ ಮೂರು ಬ್ರಾಡ್‌ಹೆಡ್ (ಶಿಕಾರಿಗೆ ಬಾಣದ ತುದಿಗೆ ತಿರುಪುವ ಅಲಗಿನ ಮೊನೆ) ಪ್ಯಾಕೆಟ್ ಇಟ್ಟು ‘ಮಾವ, ಇದರಲ್ಲಿ ಯಾವುದು ಒಳ್ಳೇದು?’ ಎಂದು ಕೇಳಿದ್ದೀಯ. ಎರಡೂ ಫೋಟೊ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೆದರಿಕೆಯಾಯಿತು. ಆ ಆರು ಬಾಣಗಳ ತುದಿಯಲ್ಲಿರುವುದು ಫೀಲ್ಡ್ ಪಾಯಿಂಟ್, ಅಲಗಿಲ್ಲದ ಅಭ್ಯಾಸದ ಮೊನೆ. ಅವು ಹೇಳುವುದು ನಿನ್ನ ಕೈಯ ಸುದ್ದಿ ಮಾತ್ರ. ಅಲಗು ತೊಟ್ಟ ಮೇಲೆ ಅದೇ ಬಾಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವು ಹೇಳುವುದಿಲ್ಲ. ಅದಕ್ಕೇ ಫೋನಿನಲ್ಲಿ ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ನನ್ನ ಮೊದಲ ಸೀಸನ್ನಿನ ಕತೆ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನೂ ಹೇಳಿಕೊಂಡಿಲ್ಲ. ಬೇಸಿಗೆಯಿಡೀ ಫೀಲ್ಡ್ ಪಾಯಿಂಟಿನಲ್ಲಿ ಅಭ್ಯಾಸ ಮಾಡಿ, ಹೊರಡುವ ಹಿಂದಿನ ಸಂಜೆ ಒಂದು ಅಂಗಡಿಯಲ್ಲಿ ಮೂರು ಅಲಗಿನ ಬ್ರಾಡ್‌ಹೆಡ್ ಕೊಂಡೆ. ಮಾರುವವನು ‘ಫೀಲ್ಡ್ ಪಾಯಿಂಟ್ ಹೋದ ಹಾಗೇ ಹೋಗುತ್ತದೆ’ ಎಂದ. ನಂಬಿದೆ. ಮೂರನೆಯ ದಿನ ಬೆಳಿಗ್ಗೆ 35 ಗಜದಲ್ಲಿ ಒಂದು ಹೆಣ್ಣು ಎಲ್ಕ್ ತಲೆ ಬಲಕ್ಕೆ ಮಾಡಿ, ಪೂರ್ತಿ ಪಕ್ಕೆ ತೋರಿಸಿ ನಿಂತಿತು. ಮುಂಗಾಲಿನ ಹಿಂದೆ ಗುರಿಯಿಟ್ಟು ಬಿಟ್ಟೆ. ಬಾಣ ಒಂದು ಗೇಣು ಎಡಕ್ಕೆ ಹೋಯಿತು. ಅಂದರೆ ಎದೆಗಲ್ಲ, ಹೊಟ್ಟೆಗೆ. ನೆಲದಲ್ಲಿ ಸಿಕ್ಕ ಬಾಣದ ಗರಿಗೆ ಹಸಿರು ಮೆತ್ತಿತ್ತು, ನಾತ ಹೊಡೆಯುತ್ತಿತ್ತು. ಅದನ್ನು ನೋಡಿಯೂ ತಡೆದುಕೊಳ್ಳಲಾಗದೆ ಅರ್ಧ ಗಂಟೆಗೇ ಹಿಂದೆ ಬಿದ್ದೆ. ಮಲಗಿದ್ದ ಪ್ರಾಣಿಯನ್ನು ಎಬ್ಬಿಸಿ ಓಡಿಸಿದವನು ನಾನೇ. ಸಂಜೆ ಮಳೆ ಬಂದು ರಕ್ತದ ಗುರುತು ತೊಳೆದು ಹೋಯಿತು. ಅದಾದ ಮೂರನೆಯ ದಿನ ಕಾಗೆಗಳು ಸುತ್ತುವುದನ್ನು ನೋಡಿ ಹುಡುಕಿಕೊಂಡು ಹೋದರೆ ಮಾಂಸವೆಲ್ಲ ಕೆಟ್ಟಿತ್ತು. ಮನೆಗೆ ಬಂದು ಅದೇ ಬ್ರಾಡ್‌ಹೆಡ್ಡನ್ನು ಹಿತ್ತಿಲಿನ ಫೋಮ್ ಟಾರ್ಗೆಟ್ಟಿಗೆ ಬಿಟ್ಟು ನೋಡಿದೆ. ಅಲ್ಲೂ ಒಂದು ಗೇಣು ಎಡಕ್ಕೆ.

ಯಾಕೆ ಹೀಗಾಗುತ್ತದೆ ಎಂದು ನಿನಗೆ ನಮ್ಮ ಹೊಳೆಯ ಲೆಕ್ಕದಲ್ಲೇ ಹೇಳುತ್ತೇನೆ. ಚಿಕ್ಕವನಿದ್ದಾಗ ಪಾತಿ ದೋಣಿಯಲ್ಲಿ ಹಿಂದೆ ಕೂತವನು ಹುಟ್ಟು ಹಾಕಿ ದಿಕ್ಕು ಹಿಡಿಯುತ್ತಿದ್ದುದನ್ನು ನೋಡಿದ್ದೀಯಲ್ಲ. ದೋಣಿಯ ಮುಂತುದಿಯಲ್ಲಿ ನೀನು ಕೂತು ಒಂದು ಹಲಗೆಯನ್ನು ನೀರಿಗೆ ಅದ್ದಿದರೆ ಏನಾಗುತ್ತಿತ್ತು? ದೋಣಿ ನೆಟ್ಟಗಿದ್ದಷ್ಟು ಹೊತ್ತು ಏನೂ ಇಲ್ಲ. ಸ್ವಲ್ಪ ಓರೆಯಾದರೂ ಆ ಹಲಗೆಯೇ ಚುಕ್ಕಾಣಿಯಾಗಿ ಮೂತಿಯನ್ನು ಎಳೆದುಕೊಂಡು ಹೋಗುತ್ತಿತ್ತು. ಬಾಣದ ಗರಿ ಹಿಂದಿನ ಹುಟ್ಟು, ಬ್ರಾಡ್‌ಹೆಡ್ಡಿನ ಅಲಗು ಮುಂದಿನ ಹಲಗೆ. ಹೆದೆ ಬಿಟ್ಟ ಕ್ಷಣದಲ್ಲಿ ಬಾಣ ಕೂದಲೆಳೆಯಷ್ಟು ಓರೆಯಾಗಿ ಹೊರಟರೂ ಫೀಲ್ಡ್ ಪಾಯಿಂಟಿನಲ್ಲಿ ಗರಿ ಅದನ್ನು ತಿದ್ದಿಬಿಡುತ್ತದೆ, ನಿನಗೆ ಗೊತ್ತೂ ಆಗುವುದಿಲ್ಲ. ಬ್ರಾಡ್‌ಹೆಡ್ಡಿನಲ್ಲಿ ಮುಂದಿನ ಅಲಗು ಗಾಳಿ ಹಿಡಿದು ಆ ಓರೆಯನ್ನೇ ದೊಡ್ಡದು ಮಾಡುತ್ತದೆ.

ಆಯ್ಕೆಯ ಮಾತು ಬೇಗ ಮುಗಿಸುತ್ತೇನೆ, ಪ್ಯಾಕೆಟ್ಟಿನ ಮೇಲಿನ ಹೆಸರಿಗೆ ನಾನು ಬೆಲೆ ಕೊಡುವವನಲ್ಲ. ನಿನ್ನ ಫೋಟೊದ ನಡುವಿನದು ಮೆಕ್ಯಾನಿಕಲ್, ಹಾರುವಾಗ ಅಲಗು ಮಡಚಿಕೊಂಡಿದ್ದು ತಾಗಿದ ಮೇಲೆ ಬಿಚ್ಚುವಂಥದ್ದು. ಗಾಯ ಅಗಲ ಮಾಡುತ್ತದೆ, ಹಾರಾಟವೂ ಫೀಲ್ಡ್ ಪಾಯಿಂಟಿನ ಹತ್ತಿರಕ್ಕೆ ಬರುತ್ತದೆ. ಆದರೆ ಬಿಚ್ಚಿಕೊಳ್ಳಲು ಬಾಣದ ಬಲವನ್ನೇ ತಿನ್ನುತ್ತದೆ. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ, ಬೆಳೆದ ಗಂಡು 300 ಕಿಲೊ ದಾಟುತ್ತದೆ, ಹೆಣ್ಣೇ 200 ಕಿಲೊ ಮೇಲೆ. ನಿನ್ನದು ಎಳೆಯಲು 60 ಪೌಂಡ್ ಬಲ ಬೇಡುವ ಬಿಲ್ಲು, ನೀನು ಹೆದೆ ಎಳೆಯುವ ಅಳತೆಯೂ ಗಿಡ್ಡ. ನಿನಗೆ ಅದು ಬೇಡ. ಅಲುಗಾಡುವ ಭಾಗವಿಲ್ಲದ, ಗಟ್ಟಿ ಸ್ಟೀಲಿನ, ಎರಡು ಅಥವಾ ಮೂರು ಅಲಗಿನ ಫಿಕ್ಸೆಡ್ ಬ್ಲೇಡ್ ಹಿಡಿ. ಅಗಲ 1 ಇಂಚಿನಿಂದ 1⅛ ಇಂಚು ಇದ್ದರೆ ಸಾಕು. ಕೊಲೊರಾಡೊದ ನಿಯಮದಲ್ಲಿ ಕನಿಷ್ಠ 7/8 ಇಂಚು ಅಗಲ, ಎರಡು ಸ್ಟೀಲಿನ ಅಂಚು ಇರಲೇಬೇಕು. ನಿನ್ನ ಎಡಗಡೆಯ ಪ್ಯಾಕೆಟ್ ಅದಕ್ಕೆ ಸರಿಹೋಗುತ್ತದೆ, ಅದನ್ನೇ ಇಟ್ಟುಕೋ. ಉಳಿದೆರಡನ್ನು ವಾಪಸು ಕೊಡು.

ತೂಕ 125 ಗ್ರೇನ್ ಎಂದು ಬರೆದಿದೆ. ಅದು ಸುಮಾರು 8 ಗ್ರಾಂ, ಒಂದು ಪವನ್ ಚಿನ್ನದಷ್ಟು. ನೀನು ಇಷ್ಟು ದಿನ ಅಭ್ಯಾಸ ಮಾಡಿದ್ದು 100 ಗ್ರೇನಿನಲ್ಲಿ. ಮುಂದೆ ಭಾರ ಹೆಚ್ಚಿದರೆ ಬಾಣ ಹೆಚ್ಚು ಬಳುಕುತ್ತದೆ, ನಿನ್ನ 400 ಸ್ಪೈನಿನ ಬಾಣ ಆ ಭಾರಕ್ಕೆ ಮೆತ್ತಗಾಗಬಹುದು (ಸ್ಪೈನ್ ಎಂದರೆ ಬಾಣದ ಗಡುಸಿನ ಅಳತೆ). ಬಾಣದ ಮೇಲಿನ ನಂಬರು ನೋಡಿ ಚಾರ್ಟಿನೊಂದಿಗೆ ತಾಳೆ ಹಾಕು. ನಂಬರು ಕಡಿಮೆಯಾದಷ್ಟೂ ಬಾಣ ಗಡುಸು ಎಂಬುದು ಮರೆಯಬೇಡ. ಫೀಲ್ಡ್ ಪಾಯಿಂಟನ್ನೂ 125 ಗ್ರೇನಿನದೇ ತಂದು ಹಾಕು. ಎಲ್ಲ ಸೇರಿ ಬಾಣದ ತೂಕ 450ರಿಂದ 500 ಗ್ರೇನ್ ಬಂದರೆ ನಿನ್ನ ಬಿಲ್ಲಿಗೆ ಹದ. 650 ಗ್ರೇನ್ ಬೇಕೆಂದು ಹೇಳುವವರು ಸಿಗುತ್ತಾರೆ, ಅದು ದಪ್ಪ ಎಲುಬು ಒಡೆಯುವ ಲೆಕ್ಕ. ನೀನು ಎಲುಬಿಗೆ ಹೊಡೆಯಲು ಹೋಗುತ್ತಿಲ್ಲ.

ಇನ್ನು ನಿಧಾನವಾಗಿ ಓದು, ಕೆಲಸ ಇರುವುದು ಇಲ್ಲಿ.

ಮೊದಲು ಬಾಣಗಳಿಗೆ ಒಂದರಿಂದ ಆರರವರೆಗೆ ನಂಬರು ಬರೆ. ಬ್ರಾಡ್‌ಹೆಡ್ ತಿರುಪಿ, ಬಾಣವನ್ನು ನೆಟ್ಟಗೆ ನಿಲ್ಲಿಸಿ, ಮೊನೆಯನ್ನು ಮೇಜಿನ ಗಾಜಿನ ಮೇಲಿಟ್ಟು ಬುಗುರಿಯ ಹಾಗೆ ತಿರುಗಿಸು. ಅಲಗು ಮತ್ತು ಬಾಣ ಸೇರುವಲ್ಲಿ ಕಣ್ಣಿಡು. ನಿಂತ ಹಾಗೆ ತಿರುಗಿದರೆ ಸರಿ. ನಡುಗಿದರೆ ಆ ಬಾಣ ನಡೆಯುವುದೂ ಹಾಗೆಯೇ. ಬ್ರಾಡ್‌ಹೆಡ್ಡನ್ನು ಬೇರೆ ಬಾಣಕ್ಕೆ ಹಾಕಿ ನೋಡು. ಅಲ್ಲಿ ಸರಿಯಾಗಿ ತಿರುಗಿದರೆ ತಪ್ಪು ಮೊದಲಿನ ಬಾಣದ್ದು, ಮೊನೆ ತಿರುಪುವ ಇನ್ಸರ್ಟ್ ನೆಟ್ಟಗೆ ಕೂತಿಲ್ಲ, ಇಲ್ಲವೇ ಕಾರ್ಬನ್ ಕೊಳವೆಯ ಬಾಯಿ ಚೌಕವಾಗಿ, ಅಂದರೆ ಉದ್ದಕ್ಕೆ ಲಂಬವಾಗಿ, ಕತ್ತರಿಸಿಲ್ಲ ಎಂದರ್ಥ. ಇದು ನನ್ನ ಲೇತಿನ ಕೆಲಸದಲ್ಲಿ ದಿನಾ ನೋಡಿದ ವಿಷಯ. ಮುಖ ಚೌಕವಿಲ್ಲದ ಎರಡು ತುಂಡುಗಳನ್ನು ಎಷ್ಟು ಬಿಗಿದರೂ ಅವು ಒಂದೇ ಗೆರೆಗೆ ಬರುವುದಿಲ್ಲ.

ಆಮೇಲೆ 20 ಗಜದಿಂದ ಶುರು ಮಾಡು. ಒಂದೇ ಚುಕ್ಕಿಗೆ ಎಲ್ಲ ಬಾಣ ಬಿಡಬೇಡ, ಅಲಗು ಇನ್ನೊಂದರ ಗರಿ ಕತ್ತರಿಸಿ ಹಾಕುತ್ತದೆ. ಎರಡು ಮೂರು ಚುಕ್ಕಿ ಬರೆದು, ಪ್ರತಿಯೊಂದಕ್ಕೂ ಒಂದು ಫೀಲ್ಡ್ ಪಾಯಿಂಟ್, ಒಂದು ಬ್ರಾಡ್‌ಹೆಡ್ ಬಿಡು. ಒಂದು ಬಾಣ ನೋಡಿ ತೀರ್ಮಾನಕ್ಕೆ ಬರಬೇಡ, ಮೂರು ನಾಲ್ಕು ಸುತ್ತು ಆಗಲಿ. ಬ್ರಾಡ್‌ಹೆಡ್ ಪ್ರತಿ ಸಲವೂ ಎಡಕ್ಕೇ ಹೋಗುತ್ತಿದ್ದರೆ ಬಿಲ್ಲಿನ ರೆಸ್ಟನ್ನು, ಅಂದರೆ ಬಾಣ ಕೂರುವ ಆಸರೆಯನ್ನು, ಬಲಕ್ಕೆ ಸರಿಸು. ಬಲಕ್ಕೆ ಹೋದರೆ ಎಡಕ್ಕೆ. ಕೆಳಗೆ ಬೀಳುತ್ತಿದ್ದರೆ ರೆಸ್ಟ್ ಸ್ವಲ್ಪ ಮೇಲೆ, ಮೇಲೆ ಹೋದರೆ ಕೆಳಗೆ. ಬ್ರಾಡ್‌ಹೆಡ್ಡನ್ನು ಫೀಲ್ಡ್ ಪಾಯಿಂಟಿನ ಕಡೆಗೆ ನೂಕುತ್ತಿದ್ದೇನೆ ಎಂದುಕೊಂಡರೆ ದಿಕ್ಕು ತಪ್ಪುವುದಿಲ್ಲ. ಸರಿಸುವುದೂ ಹೆಬ್ಬೆರಳಿನ ಉಗುರಿನ ದಪ್ಪದಷ್ಟೇ, ಅದಕ್ಕಿಂತ ಹೆಚ್ಚು ಬೇಡ. ಆ ನನ್ನ ಒಂದು ಗೇಣಿನ ತಪ್ಪು ಸರಿಯಾದದ್ದು ಮೂರು ಸಲ ಸರಿಸಿದ ಮೇಲೆ, ಮೂರೂ ಸೇರಿ ಎರಡು ಮಿಲಿಮೀಟರ್ ಇರಲಿಲ್ಲ. ಎರಡು ಮಿಲಿಮೀಟರಿಗೆ ಒಂದು ಪ್ರಾಣಿ ನರಳಿ ಸತ್ತಿತು, ಮಗಾ.

20ರಲ್ಲಿ ಎರಡೂ ಕೂಡಿದ ಮೇಲೆ 30ಕ್ಕೆ ಹೋಗು, ಆಮೇಲೆ 40ಕ್ಕೆ. ದೂರ ಹೋದಂತೆ ಉಳಿದ ತಪ್ಪು ತಾನಾಗಿ ಕಾಣುತ್ತದೆ. ಇಷ್ಟೂ ಹೊತ್ತು ಬಿಲ್ಲಿನಲ್ಲಿ ಗುರಿ ಹಿಡಿಯುವ ಸೈಟಿಗೆ ಕೈ ಹಚ್ಚಬೇಡ. ಬಹಳ ಜನ ಬ್ರಾಡ್‌ಹೆಡ್ ಎಡಕ್ಕೆ ಹೋಯಿತೆಂದು ಸೈಟಿನ ಪಿನ್ ಸರಿಸಿ ‘ಈಗ ಸರಿಯಾಯಿತು’ ಎಂದುಕೊಳ್ಳುತ್ತಾರೆ. ಗುರಿಗೆ ತಾಗುತ್ತದೆ ನಿಜ, ಆದರೆ ಬಾಣ ಓರೆಯಾಗಿಯೇ ಹಾರುತ್ತಿರುತ್ತದೆ. ಓರೆಯಾಗಿ ಹೊಕ್ಕ ಬಾಣ ಆಳಕ್ಕೆ ಇಳಿಯುವುದಿಲ್ಲ, ಗೋಡೆಗೆ ಮೊಳೆಯನ್ನು ಅಡ್ಡಡ್ಡ ಹೊಡೆದ ಹಾಗೆ. ಮೆಕ್ಯಾನಿಕಲ್ ಹಾಕಿದವರಿಗೆ ಈ ದೋಷ ಕಾಣುವುದೇ ಇಲ್ಲ, ಮುಚ್ಚಿಕೊಂಡಿರುತ್ತದೆ. ನಾನು ಅದನ್ನು ಮೆಚ್ಚದಿರುವುದಕ್ಕೆ ಇದೂ ಕಾರಣ. ಎರಡೂ ಒಂದೇ ಕಡೆ ಬಿದ್ದ ಮೇಲೆ, ಕೊನೆಗೆ, ಸೈಟ್ ಸರಿಮಾಡು.

ಒಂದೇ ನಂಬರಿನ ಬಾಣ ಯಾವಾಗಲೂ ಗುಂಪು ಬಿಟ್ಟು ಹೋದರೆ ಬಿಲ್ಲನ್ನು ಬೈಯಬೇಡ, ಆ ಬಾಣವನ್ನು ಅಭ್ಯಾಸಕ್ಕೆ ಇಟ್ಟುಬಿಡು. ಆರರಲ್ಲಿ ನಾಲ್ಕು ನಂಬಿಕೆಯವು ಉಳಿದರೆ ಸಾಕು. ಯಾವ ಬಾಣವೂ ಒಂದು ಕಡೆ ನಿಲ್ಲದೆ ಚೆಲ್ಲಾಪಿಲ್ಲಿಯಾದರೆ ತಪ್ಪು ಹಿಡಿತದ್ದು. ಬಿಲ್ಲಿನ ಹಿಡಿಯನ್ನು ಗಟ್ಟಿಯಾಗಿ ಹಿಂಡುವ ಅಭ್ಯಾಸ ನಿನಗಿದೆ, ಕಳೆದ ಸಲ ಬಂದಾಗ ಗೂಟ ಹಿಡಿದು ತೋರಿಸುವಾಗಲೇ ನೋಡಿದ್ದೇನೆ. ಬೆರಳು ಸಡಿಲ ಬಿಡು.

ಟಾರ್ಗೆಟ್ಟಿಗೆ ಬಿಟ್ಟ ಅಲಗನ್ನು ಹಾಗೇ ಕಾಡಿಗೆ ಒಯ್ಯಬೇಡ. ಫೋಮ್ ಅಂಚನ್ನು ಮೊಂಡು ಮಾಡುತ್ತದೆ. ನಿನ್ನ ಆಯಿ ಬಂಗಡೆ ಕೊಯ್ಯುವುದನ್ನು ನೋಡಿದ್ದೀಯಲ್ಲ. ಈಳಿಗೆ ಮಸೆದ ದಿನ ಮೀನು ತಾನೇ ಬಿಚ್ಚಿಕೊಂಡ ಹಾಗೆ ಎರಡಾಗುತ್ತದೆ, ರಕ್ತ ಧಾರೆಯಾಗಿ ಇಳಿಯುತ್ತದೆ. ಮೊಂಡು ಈಳಿಗೆಯಲ್ಲಿ ಚರ್ಮ ಮೊದಲು ತಗ್ಗಿ, ಜಾರಿ, ಆಮೇಲೆ ಹರಿಯುತ್ತದೆ. ಪ್ರಾಣಿಯ ಒಳಗೂ ಅದೇ. ಮೊಂಡಾದ ಅಂಚು ರಕ್ತನಾಳವನ್ನು ಪಕ್ಕಕ್ಕೆ ತಳ್ಳಿ ಹೋಗುತ್ತದೆ, ಚೂಪಾದದ್ದು ಕೊಯ್ದು ಹೋಗುತ್ತದೆ. ನೀಟಾಗಿ ಕೊಯ್ದ ನಾಳದಿಂದ ರಕ್ತ ಬೇಗ ನಿಲ್ಲುವುದಿಲ್ಲ, ಪ್ರಾಣಿ ಬೇಗ ಕುಸಿಯುತ್ತದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಒಬ್ಬನೇ ಹೊರಗೆ ಬಂದ ಯಾಹಿ ಎಂಬ ಆದಿವಾಸಿ ಜನದ ಇಶಿ ಬಾಟಲಿಯ ಗಾಜನ್ನು ಕೆತ್ತಿ ಬಾಣದ ಮೊನೆ ಮಾಡುತ್ತಿದ್ದ. ಅವನಿಂದ ಬಿಲ್ಲುವಿದ್ಯೆ ಕಲಿತ ಸ್ಯಾಕ್ಸ್ಟನ್ ಪೋಪ್ ಎಂಬ ಡಾಕ್ಟರೇ ಅಮೆರಿಕದ ಇಂದಿನ ಬಿಲ್ಲು ಶಿಕಾರಿಗೆ ದಾರಿ ಹಾಕಿದವನು. ಗಾಜು ಸ್ಟೀಲಿನ ಹಾಗೆ ಬಾಳುವುದಿಲ್ಲ, ಬೇಗ ಒಡೆಯುತ್ತದೆ, ಆದರೆ ಅದರ ಅಂಚಿಗೆ ಸಮನಾದದ್ದು ಅಪರೂಪ.

ಮಸೆಯುವ ಮೊದಲು ಅಂಚಿನ ಇಳಿಜಾರಿಗೆ ಕಪ್ಪು ಮಾರ್ಕರ್ ಬಳಿ. ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ನೋಡು. ಕಪ್ಪು ಇಡೀ ಅಗಲಕ್ಕೆ ಸಮವಾಗಿ ಅಳಿಸಿದ್ದರೆ ನಿನ್ನ ಕೋನ ಸರಿ. ಬರೀ ತುದಿಯಲ್ಲಿ ಅಳಿಸಿದ್ದರೆ ಕೈ ಎತ್ತರವಾಗಿದೆ, ಇಳಿಸು. ಕೊನೆಗೆ ಹಳೆಯ ಬೆಲ್ಟಿನ ತೊಗಲಿಗೆ ಹಿಮ್ಮುಖವಾಗಿ ಸವರು. ಬಿಗಿಯಾಗಿ ಎಳೆದ ರಬ್ಬರ್ ಬ್ಯಾಂಡಿಗೆ ಅಂಚು ತಾಗಿಸಿದರೆ, ಒತ್ತದೆಯೇ ತುಂಡಾಗಬೇಕು. ಬ್ಲೇಡ್ ಬದಲಿಸುವ ಜಾತಿಯದಾದರೆ ಮಸೆಯುವ ಗೋಜೇ ಬೇಡ, ಹೊಸದು ಹಾಕು. ತಿರುಪುವಾಗ ಬರಿಗೈ ಹಚ್ಚಬೇಡ, ಪ್ಯಾಕೆಟ್ಟಿನ ವ್ರೆಂಚ್ ಇರುವುದು ಅದಕ್ಕೇ. ನಡೆಯುವಾಗ ಬಾಣ ಹೆದೆಗೆ ಹೂಡಿರಬಾರದು, ಅಲಗುಗಳೆಲ್ಲ ಬತ್ತಳಿಕೆಯ ಮುಚ್ಚಿಗೆಯೊಳಗೇ ಇರಬೇಕು.

ಕಾಡಿನ ಮಾತು ಎರಡೇ. ಸೆಪ್ಟೆಂಬರಿನಲ್ಲಿ ಗಂಡು ಎಲ್ಕ್ ಕೂಗುವ ಕಾಲ, ಹಾಗೇ ಕೂಗುವ ಪೀಪಿ ಊದುತ್ತಾ ಬೇರೆ ಶಿಕಾರಿಯವರೂ ಪೊದೆಯಲ್ಲಿ ಕೂತಿರುತ್ತಾರೆ. ಕೊಡ ತುಂಬುವ ಸದ್ದಿಗೆ ದಶರಥ ಬಾಣ ಬಿಟ್ಟ ಆಟವನ್ನು ನೀನು ನನ್ನ ತೊಡೆಯ ಮೇಲೆ ಕೂತು ನೋಡಿದ್ದೀಯ. ಪೂರ್ತಿ ಮೈ ಕಾಣದೆ ಬಿಲ್ಲು ಎಳೆಯಬೇಡ. ಪಕ್ಕೆ ತೋರಿಸಿ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆ ಮುಖಮಾಡಿ ಓರೆಯಾಗಿ. ನಿನಗೇ ಎದುರಾಗಿ ನಿಂತರೆ ಬಿಟ್ಟುಬಿಡು.

ಬಾಣ ತಾಗಿದ ಮೇಲೆ ಗಡಿಯಾರ ನೋಡು. ಗುಲಾಬಿ ಬಣ್ಣದ, ನೊರೆಯಿರುವ ರಕ್ತವಾದರೆ ಶ್ವಾಸಕೋಶ, ಅರ್ಧ ಗಂಟೆ ಸಾಕು. ಕಪ್ಪು ಮಿಶ್ರಿತ ಕೆಂಪಾದರೆ ಪಿತ್ತಜನಕಾಂಗ, ನಾಲ್ಕು ಗಂಟೆ ಕೂತಿರು. ಹಸಿರು ಕಂಡರೆ, ನಾತ ಬಂದರೆ, ಎಂಟು ಗಂಟೆಗೂ ಮೇಲೆ. ಜೊತೆಗಿರುವವರು ಎಷ್ಟೇ ಅವಸರ ಮಾಡಲಿ, ಏಳಬೇಡ.

ಊರಿಗೆ ಬರುವಾಗ ಬಿಲ್ಲು ಅಲ್ಲೇ ಇರಲಿ. ಗದ್ದೆಗೆ ಹಂದಿ ಬೀಳುವುದು ಇನ್ನೂ ನಿಂತಿಲ್ಲ, ನಿನ್ನ ಚಿಕ್ಕಪ್ಪ ರಾತ್ರಿಯಿಡೀ ಡಬ್ಬ ಬಡಿಯುತ್ತಾನೆ. ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇಲೆ ಇಲ್ಲಿ ಶಿಕಾರಿ ಅಪರಾಧವೇ, ಅದು ಹಾಗೇ ಇರಬೇಕೆಂಬುದು ನನ್ನ ಮನಸ್ಸು ಕೂಡ.

40 ಗಜದಲ್ಲಿ ಮೂರು ಫೀಲ್ಡ್ ಪಾಯಿಂಟ್, ಮೂರು ಬ್ರಾಡ್‌ಹೆಡ್ ಪಕ್ಕಪಕ್ಕ ಕೂತ ಫೋಟೊ ಕಳಿಸು, ಹೊರಡುವ ಮೊದಲೇ ಕಳಿಸು. ಆಗದಿದ್ದರೆ ಈ ವರ್ಷ 20 ಗಜದೊಳಗೆ ಬಂದರೆ ಮಾತ್ರ ಬಿಡುತ್ತೇನೆಂದು ಬರೆದು ಕಳಿಸು. ಅದೂ ಆಗದಿದ್ದರೆ ಲೈಸೆನ್ಸಿನ ದುಡ್ಡು ಹೋಗಲಿ, ಮುಂದಿನ ವರ್ಷ ಹೋದರಾಯಿತು.

ನಮ್ಮ ಬಾವಿಕಟ್ಟೆಯ ಸಣ್ಣ ಮಸೆಗಲ್ಲನ್ನು ಉಪ್ಪಿನಕಾಯಿ ಡಬ್ಬದ ಜೊತೆ ಬಟ್ಟೆಯಲ್ಲಿ ಸುತ್ತಿ, ಮುಂದಿನ ವಾರ ಅಲ್ಲಿಗೆ ಬರುವ ಹುಡುಗನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಅಜ್ಜಿ ಈಳಿಗೆ ಮಸೆದ ಕಲ್ಲು ಅದು. ಹತ್ತು ನಿಮಿಷ ನೀರಲ್ಲಿ ನೆನೆಸಿ ಬಳಸು, ಎಣ್ಣೆ ಹಚ್ಚಬೇಡ.

ಇತಿ ನಿನ್ನ ಮಾವ